ರನ್‌ವೇಗಿಂತ ಮೊದಲು ಬರುವ ಲೆಕ್ಕ: ಅಮೆರಿಕದ ವಿಮಾನ ನಿಲ್ದಾಣ ವಿಸ್ತರಣೆ ಮತ್ತು ಬದಲಾದ ಪರಿಸರ ನಿಯಮಗಳು

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಕಟ್ಟಲು ಫೆಡರಲ್ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುನ್ನ ವಿಸ್ತೃತ ಪರಿಸರ ಪರಿಣಾಮ ವರದಿ ಸಿದ್ಧವಾಗಿತ್ತು. ಲಾಸ್ ಏಂಜಲೀಸ್ ನಗರಾಡಳಿತ ಈ ಒಪ್ಪಿಗೆಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ನಗರ ಎತ್ತಿದ ಹೆಚ್ಚಿನ ಆಕ್ಷೇಪಣೆಗಳು ಬಿದ್ದುಹೋದವು. ಉಳಿದದ್ದು ಕಾಮಗಾರಿಯ ಸದ್ದಿನದು. ಕಟ್ಟಡ ಕೆಲಸದ ಯಂತ್ರಗಳು ಒಂದೇ ಹೊತ್ತಿಗೆ ಜೊತೆಜೊತೆಯಾಗಿ ಓಡುವುದಿಲ್ಲ ಎಂದು ವರದಿ ಊಹಿಸಿಕೊಂಡಿತ್ತು. ಯಾವ ಕಾಮಗಾರಿ ಸ್ಥಳದಲ್ಲಿ ಹಾಗೆ ನಡೆಯುತ್ತದೆ? 2023ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಈ ಊಹೆಗೆ ಆಧಾರವಿಲ್ಲವೆಂದು ಹೇಳಿ, ಆ ಭಾಗವನ್ನು ಮತ್ತೆ ಮಾಡುವಂತೆ ಎಫ್‌ಎಎಗೆ ವಾಪಸ್ ಕಳಿಸಿತು.

ಅಮೆರಿಕದ ಪರಿಸರ ಪರಿಶೀಲನೆ ವಿಪರೀತ ಉದ್ದ, ವಿಪರೀತ ನಿಧಾನ ಎಂಬ ದೂರು ಹಳೆಯದು. ಅದನ್ನು ನೀಗಿಸುತ್ತೇವೆಂದು 2023ರಿಂದ 2025ರ ನಡುವೆ ಕಾನೂನು, ನಿಯಮ, ನ್ಯಾಯಾಲಯದ ನಿಲುವು ಮೂರನ್ನೂ ಬದಲಿಸಲಾಗಿದೆ. ಆದರೆ ಬರ್ಬ್ಯಾಂಕ್ ಯೋಜನೆ ಎಡವಿದ್ದು ಪುಟಗಳ ಸಂಖ್ಯೆಯಲ್ಲೂ ಅಲ್ಲ, ವರ್ಷಗಳಲ್ಲೂ ಅಲ್ಲ. ಲೆಕ್ಕ ಶುರುವಾಗುವ ಮೊದಲೇ ಇಟ್ಟುಕೊಂಡ ಒಂದು ಊಹೆಯಲ್ಲಿ. ಹೊಸ ನಿಯಮಗಳು ಇಂಥ ಊಹೆಗಳನ್ನು ತಿದ್ದುವುದಿಲ್ಲ. ಅವುಗಳನ್ನು ಪ್ರಶ್ನಿಸಲು ಸಿಗುವ ಸಮಯವನ್ನು ಮಾತ್ರ ಕಡಿಮೆ ಮಾಡುತ್ತವೆ, ಮುಂಚಿನ ಹಂತಕ್ಕೂ ತಳ್ಳುತ್ತವೆ. ವಿಮಾನ ನಿಲ್ದಾಣದ ಸುತ್ತ ಬದುಕುವವರೂ ಅದನ್ನು ಕಟ್ಟುವವರೂ ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ.

ಅನುಮತಿಯಲ್ಲ, ಪರಿಶೀಲನೆ

ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು 1970ರ ಜನವರಿ 1ರಂದು. ಅಲ್ಲಿ ಎಲ್ಲರೂ ಅದನ್ನು ನೀಪಾ ಎನ್ನುತ್ತಾರೆ. ನಮ್ಮಲ್ಲಿ 2006ರ ಅಧಿಸೂಚನೆಯ ಪ್ರಕಾರ ವಿಮಾನ ನಿಲ್ದಾಣಕ್ಕೆ ಮುಂಚಿತವಾಗಿ 'ಪರಿಸರ ಅನುಮತಿ' ಬೇಕು. ಸರ್ಕಾರ ಅದನ್ನು ಕೊಡಬಹುದು, ನಿರಾಕರಿಸಬಹುದು. ನೀಪಾದಲ್ಲಿ ಅಂಥ ಅನುಮತಿಪತ್ರವೇ ಇಲ್ಲ. ಫೆಡರಲ್ ಸಂಸ್ಥೆ ತೀರ್ಮಾನ ಮಾಡುವ ಮೊದಲು ಪರಿಣಾಮಗಳನ್ನು ಕಣ್ಣುಬಿಟ್ಟು ನೋಡಬೇಕು, ಪರ್ಯಾಯಗಳನ್ನು ತೂಗಬೇಕು, ನೋಡಿದ್ದನ್ನು ಬರೆದಿಡಬೇಕು. ಕಾಯ್ದೆ ಕೇಳುವುದು ಇಷ್ಟನ್ನೇ. ಎಲ್ಲ ಹಾನಿಯನ್ನೂ ಒಪ್ಪಿಕೊಂಡು ಬರೆದ ಮೇಲೂ ಯೋಜನೆಗೆ ಹೂಂ ಅನ್ನಬಹುದು. ನೀಪಾ ನಿರ್ದಿಷ್ಟ ಫಲಿತಾಂಶವನ್ನು ಕಡ್ಡಾಯ ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗಾಗಿ ಇಲ್ಲಿ ಕಾನೂನು ಹೋರಾಟವೆಲ್ಲ ಬರವಣಿಗೆಯ ಗುಣಮಟ್ಟದ ಮೇಲೆ ನಡೆಯುತ್ತದೆ: ನೋಡಬೇಕಾದದ್ದನ್ನು ನೋಡಿದ್ದೀರಾ, ಊಹೆಗೆ ಆಧಾರ ಕೊಟ್ಟಿದ್ದೀರಾ?

ಪರಿಶೀಲನೆಗೆ ಮೂರು ಮಟ್ಟಗಳಿವೆ. ತಳದಲ್ಲಿ 'ಕ್ಯಾಟೆಕ್ಸ್', ಅಂದರೆ ವರ್ಗೀಯ ವಿನಾಯಿತಿ. ಇರುವ ಟ್ಯಾಕ್ಸಿವೇಗೆ ಮತ್ತೆ ಡಾಂಬರು ಹಾಕುವುದು, ದೀಪ ಬದಲಿಸುವುದು, ಸಣ್ಣ ಕಟ್ಟಡ ಎಬ್ಬಿಸುವುದು ಇಲ್ಲಿ ಬರುತ್ತವೆ. ಆದರೂ ಪುರಾತನ ಕಟ್ಟಡ, ಜೌಗು ನೆಲ, ಅಳಿವಿನಂಚಿನ ಜೀವಿ ಇಂಥ 'ಅಸಾಧಾರಣ ಸನ್ನಿವೇಶ' ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನಡುವೆ ಪರಿಸರ ಮೌಲ್ಯಮಾಪನ, ಅಂದರೆ ಇಎ. ರನ್‌ವೇ ಉದ್ದ ಮಾಡುವುದು, ದೊಡ್ಡ ಟರ್ಮಿನಲ್ ಕಟ್ಟುವುದು ಹೆಚ್ಚಾಗಿ ಇಲ್ಲಿಗೆ ಬರುತ್ತವೆ. ಪರಿಣಾಮ ಗಣನೀಯವಲ್ಲ ಎಂದಾದರೆ 'ಫೋನ್ಸಿ' ಎಂಬ ತೀರ್ಮಾನದೊಂದಿಗೆ ಕಡತ ಮುಚ್ಚುತ್ತದೆ. ಮೇಲೆ ಪೂರ್ಣ ಪರಿಣಾಮ ವರದಿ, ಅಂದರೆ ಇಐಎಸ್. ಮಹಾನಗರ ಪ್ರದೇಶದಲ್ಲಿ ಹೊಸ ರನ್‌ವೇ ಅಥವಾ ಹೊಸ ವಾಣಿಜ್ಯ ವಿಮಾನ ನಿಲ್ದಾಣ ಎಂದರೆ ಸಾಮಾನ್ಯವಾಗಿ ಇದೇ.

ಆದರೆ ಈ ಮೂರಕ್ಕೂ ಮೊದಲು ಒಂದು ಬಾಗಿಲಿದೆ, ಜನ ಗಮನಿಸದೆ ಹೋಗುವುದು ಇದನ್ನೇ. ಅಮೆರಿಕದ ವಿಮಾನ ನಿಲ್ದಾಣಗಳು ಬಹುತೇಕ ನಗರ, ಕೌಂಟಿ ಅಥವಾ ಪ್ರಾಧಿಕಾರಗಳ ಕೈಯಲ್ಲಿವೆ. ಎಫ್‌ಎಎ ಏನಾದರೂ ತೀರ್ಮಾನ ಮಾಡಬೇಕಿದ್ದರೆ ಮಾತ್ರ ನೀಪಾ ಜಾರಿಗೆ ಬರುತ್ತದೆ: ನಿಲ್ದಾಣದ ವಿನ್ಯಾಸ ನಕ್ಷೆಗೆ ಒಪ್ಪಿಗೆ, ಫೆಡರಲ್ ಅನುದಾನ, ಟಿಕೆಟ್ ಮೇಲಿನ ಪ್ರಯಾಣಿಕ ಶುಲ್ಕವನ್ನು ಬಳಸಲು ಸಮ್ಮತಿ. 2018ರ ಎಫ್‌ಎಎ ಪುನರಧಿಕಾರ ಕಾಯ್ದೆಯ 163ನೇ ಸೆಕ್ಷನ್ ಈ ಬಾಗಿಲನ್ನು ಕಿರಿದು ಮಾಡಿತು. ವಿಮಾನಗಳ ಸುರಕ್ಷಿತ, ಸಮರ್ಥ ಓಡಾಟದ ಮೇಲೆ ನಿಜವಾದ ಪರಿಣಾಮ ಬೀರುವಂಥ ಭಾಗಗಳಿಗೆ ಮಾತ್ರ ನಕ್ಷೆಯ ಒಪ್ಪಿಗೆ ಬೇಕು ಎಂದಾಯಿತು. ರನ್‌ವೇಯಿಂದ ದೂರದ ಜಮೀನಿನಲ್ಲಿ, ಫೆಡರಲ್ ಹಣವಿಲ್ಲದೆ ಗೋದಾಮು ಅಥವಾ ಹೋಟೆಲ್ ಎದ್ದರೆ ಎಫ್‌ಎಎಗೆ ಅಧಿಕಾರವೇ ಇಲ್ಲದಿರಬಹುದು. ಆಗ ನೀಪಾ ಕಡತ ತೆರೆಯುವುದೇ ಇಲ್ಲ. ಯೋಜನೆ ಪ್ರಕಟವಾದ ಕೂಡಲೇ '163ರ ನಿರ್ಣಯ ಆಗಿದೆಯೇ, ಅದರಲ್ಲಿ ಯಾವ ಕಟ್ಟಡಗಳನ್ನು ಹೊರಗಿಟ್ಟಿದ್ದಾರೆ' ಎಂದು ಕೇಳುವುದು ಅದಕ್ಕಾಗಿಯೇ ಮೊದಲ ಕೆಲಸ.

2024ರ ಮೇ ತಿಂಗಳ ಪುನರಧಿಕಾರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಫೆಡರಲ್ ಹಣ 60 ಲಕ್ಷ ಡಾಲರಿಗಿಂತ ಕಡಿಮೆ ಇದ್ದರೆ, ಇಲ್ಲವೇ ಒಟ್ಟು ವೆಚ್ಚ 3.5 ಕೋಟಿ ಡಾಲರ್ ಮೀರದೆ ಅದರಲ್ಲಿ ಫೆಡರಲ್ ಪಾಲು ಶೇ 15ಕ್ಕಿಂತ ಕಡಿಮೆ ಇದ್ದರೆ, ಯೋಜನೆ ಕ್ಯಾಟೆಕ್ಸ್ ವ್ಯಾಪ್ತಿಗೇ ಸೇರುತ್ತದೆಂದು ಭಾವಿಸಬೇಕು. ಇಲ್ಲಿ ಅಳತೆಗೋಲು ಪರಿಸರದ್ದಲ್ಲ, ದುಡ್ಡಿನದು. ಕಡಿಮೆ ದುಡ್ಡಿನ ಕೆಲಸವೂ ಕೆಲವೊಮ್ಮೆ ತೊರೆಯೊಂದರ ದಿಕ್ಕು ತಪ್ಪಿಸಬಲ್ಲದು. ಅಂಥ ಕಡೆ 'ಅಸಾಧಾರಣ ಸನ್ನಿವೇಶ'ವನ್ನು ತೋರಿಸಿಕೊಡುವ ಹೊಣೆ ಈಗ ಹೆಚ್ಚುಕಡಿಮೆ ಸ್ಥಳೀಯರ ಮೇಲೇ ಬೀಳುತ್ತದೆ.

ಮೂರು ವರ್ಷಗಳಲ್ಲಿ ಆದದ್ದೇನು

2023ರ ಜೂನ್‌ನಲ್ಲಿ, ಸಾಲದ ಮಿತಿ ಏರಿಸುವ ಕಾಯ್ದೆಯೊಳಗೆ ಸೇರಿಸಿ, ಸಂಸತ್ತು ನೀಪಾಕ್ಕೇ ತಿದ್ದುಪಡಿ ತಂದಿತು. ಇಎಗೆ 75 ಪುಟ, ಒಂದು ವರ್ಷ. ಇಐಎಸ್‌ಗೆ 150 ಪುಟ, ಎರಡು ವರ್ಷ. ತೀರಾ ಸಂಕೀರ್ಣವಾದರೆ 300 ಪುಟ. ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಯೋಜನೆಯ ಪ್ರಾಯೋಜಕರೇ ಇಐಎಸ್ ತಯಾರಿಸಲೂ ಅವಕಾಶವಾಯಿತು.

2024ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಡಿ.ಸಿ. ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ರಾಷ್ಟ್ರೀಯ ಉದ್ಯಾನಗಳ ಮೇಲೆ ಪ್ರವಾಸಿ ವಿಮಾನ ಹಾರಾಟದ ಕುರಿತ ಪ್ರಕರಣವದು, ಎದುರಾಳಿ ಎಫ್‌ಎಎ. ಶ್ವೇತಭವನದ ಪರಿಸರ ಗುಣಮಟ್ಟ ಮಂಡಳಿಗೆ, ಅಂದರೆ ಸಿಇಕ್ಯೂಗೆ, ಬೇರೆ ಸಂಸ್ಥೆಗಳನ್ನು ಕಟ್ಟಿಹಾಕುವ ನಿಯಮ ಮಾಡುವ ಅಧಿಕಾರವೇ ಇರಲಿಲ್ಲ ಎಂದು ಪೀಠ ಹೇಳಿತು. 1978ರಿಂದ ಇಡೀ ವ್ಯವಸ್ಥೆ ನಿಂತಿದ್ದದ್ದು ಆ ನಿಯಮಗಳ ಮೇಲೆಯೇ. 2025ರ ಜನವರಿ 20ರಂದು ಹೊಸ ಅಧ್ಯಕ್ಷರ ಆದೇಶ, ಫೆಬ್ರವರಿಯಲ್ಲಿ ನಿಯಮ ರದ್ದತಿಯ ಪ್ರಕಟಣೆ, ಏಪ್ರಿಲ್ 11ರಿಂದ ಅದರ ಜಾರಿ. ಮೇ 29ರಂದು ಸುಪ್ರೀಂ ಕೋರ್ಟ್, ಯೂಟಾ ರಾಜ್ಯದ 88 ಮೈಲಿ ತೈಲ ರೈಲುಮಾರ್ಗದ ಪ್ರಕರಣದಲ್ಲಿ, ಪರಿಶೀಲನೆ ಎಷ್ಟು ಆಳಕ್ಕೆ ಹೋಗಬೇಕೆಂಬುದರಲ್ಲಿ ನ್ಯಾಯಾಲಯಗಳು ಸಂಸ್ಥೆಗಳ ವಿವೇಚನೆಗೆ ತಲೆಬಾಗಬೇಕು, ಆ ಯೋಜನೆಗೆ ಮುಂಚೆ ಅಥವಾ ನಂತರ ಬರುವ ಬೇರೆಯದೇ ಆದ ಯೋಜನೆಗಳ ಪರಿಣಾಮವನ್ನು ಲೆಕ್ಕ ಹಾಕಬೇಕಾಗಿಲ್ಲ ಎಂದಿತು. ಜೂನ್ 30ರಂದು ಸಾರಿಗೆ ಇಲಾಖೆ ನೀಪಾ ಪಾಲನೆಗೆ ತನ್ನ ಹೊಸ ಆದೇಶ 5610.1ಡಿ ಹೊರಡಿಸಿತು, ಅದೇ ದಿನ ಎಫ್‌ಎಎ 2015ರಿಂದ ನಡೆಸಿಕೊಂಡು ಬಂದಿದ್ದ ತನ್ನ ನೀಪಾ ಆದೇಶ 1050.1ಎಫ್ ಜಾಗಕ್ಕೆ 1050.1ಜಿ ತಂದಿತು.

ಇದರಿಂದ ಕೈತಪ್ಪಿದ ಒಂದು ಸಣ್ಣ ವಿಷಯವನ್ನು ಮಾತ್ರ ಇಲ್ಲಿ ಹೇಳಬೇಕು. ಹಳೆಯ ನಿಯಮದಲ್ಲಿ ಇಐಎಸ್ ಕರಡಿನ ಮೇಲೆ ಕನಿಷ್ಠ 45 ದಿನ ಜನರ ಅಭಿಪ್ರಾಯ ಕೇಳುವುದು ಎಲ್ಲ ಸಂಸ್ಥೆಗಳಿಗೂ ಕಡ್ಡಾಯವಾಗಿತ್ತು. ದೇಶಕ್ಕೆಲ್ಲ ಒಂದೇ ಎಂಬ ಆ ಆಸರೆ ಈಗಿಲ್ಲ. ಸದ್ಯಕ್ಕೆ ವಿಮಾನ ನಿಲ್ದಾಣಗಳಿಗೆ ಇನ್ನೊಂದು ಆಸರೆಯಿದೆ: ಹೊಸ ನಿಲ್ದಾಣ, ಹೊಸ ರನ್‌ವೇ, ರನ್‌ವೇಯ ದೊಡ್ಡ ವಿಸ್ತರಣೆಗೆ ಅನುದಾನ ಕೇಳುವಾಗ ಸಾರ್ವಜನಿಕ ಅಹವಾಲಿಗೆ ಅವಕಾಶ ಕೊಟ್ಟಿರಬೇಕೆಂದು ಅನುದಾನದ ಕಾಯ್ದೆಯೇ ಹೇಳುತ್ತದೆ. ಟರ್ಮಿನಲ್‌ಗೆ ಆ ರಕ್ಷಣೆ ಇಲ್ಲ.

ಗಡಿಯಾರ ಯಾವಾಗ ಶುರುವಾಗುತ್ತದೆ

75 ಪುಟ ಎಂದರೆ ನಿಜವಾಗಿ 75 ಪುಟವಲ್ಲ. ಅನುಬಂಧಗಳು ಲೆಕ್ಕಕ್ಕೆ ಬರುವುದಿಲ್ಲ. ಶಬ್ದದ ಮಾದರಿ, ವಾಯುಮಾಲಿನ್ಯದ ಕೋಷ್ಟಕ, ಜೌಗು ನೆಲದ ಸರ್ವೆ ಎಲ್ಲವೂ ಅನುಬಂಧಕ್ಕೆ ಹೋಗುತ್ತವೆ; ಮುಖ್ಯ ಕಡತದಲ್ಲಿ ತೀರ್ಮಾನದ ವಾಕ್ಯಗಳು ಉಳಿಯುತ್ತವೆ. ಓದುಗನಿಗೆ ಅನುಕೂಲ ಎನ್ನುವುದು ಅರ್ಧ ಸತ್ಯ. ತಪ್ಪು ಅಡಗಿರುವುದು ಅನುಬಂಧದಲ್ಲಿ, ಹಾಗಾಗಿ ಮೊದಲು ತೆರೆಯಬೇಕಾದದ್ದೂ ಅದನ್ನೇ.

ಗಡುವಿನದೂ ಹೀಗೆಯೇ. ಇಐಎಸ್ ಬೇಕೆಂದು ನಿರ್ಧರಿಸಿದ ದಿನ, ಅರ್ಜಿ ಪೂರ್ಣವಾಗಿದೆಯೆಂದು ತಿಳಿಸಿದ ದಿನ, ಉದ್ದೇಶ ಪ್ರಕಟಣೆಯ ದಿನ, ಈ ಮೂರರಲ್ಲಿ ಮೊದಲು ಬಂದದ್ದರಿಂದ ಎರಡು ವರ್ಷ ಎಣಿಸಬೇಕು. ಅದಕ್ಕೂ ಮುಂಚೆ ನಡೆಯುವ ಕೆಲಸಕ್ಕೆ ಗಡಿಯಾರವಿಲ್ಲ. ಮಾಸ್ಟರ್ ಪ್ಲಾನ್, ಪ್ರಯಾಣಿಕರ ಮುನ್ನಂದಾಜು, ಪರ್ಯಾಯಗಳ ಜರಡಿ, ನಾಲ್ಕೂ ಋತುವಿನ ಪಕ್ಷಿ ಸಮೀಕ್ಷೆ ಎಲ್ಲವನ್ನೂ ಪ್ರಾಯೋಜಕರು ಮೊದಲೇ ಮುಗಿಸಿಟ್ಟುಕೊಳ್ಳಬೇಕು; ಹಾಗೆ ಮಾಡದಿದ್ದರೆ ಎರಡು ವರ್ಷದಲ್ಲಿ ಮುಗಿಸಲು ಸಾಧ್ಯವೇ ಇಲ್ಲ. ಪರಿಣಾಮವಾಗಿ, ಅಧಿಕೃತ ಪ್ರಕಟಣೆ ಹೊರಬೀಳುವ ಹೊತ್ತಿಗೆ ಯೋಜನೆಯ 'ಉದ್ದೇಶ ಮತ್ತು ಅಗತ್ಯ' ಎಂಬ ವಾಕ್ಯ ಗಟ್ಟಿಯಾಗಿರುತ್ತದೆ. ಆ ವಾಕ್ಯದಲ್ಲಿ '19 ಗೇಟುಗಳ ಟರ್ಮಿನಲ್ ಬೇಕು' ಎಂದಿದ್ದರೆ ಪರ್ಯಾಯಗಳು ಅಲ್ಲಿಗೇ ಸತ್ತಂತೆ. 'ಬೆಳಗಿನ ದಟ್ಟಣೆ ತಗ್ಗಬೇಕು' ಎಂದಿದ್ದರೆ ಇನ್ನೂ ಉಸಿರಾಡುತ್ತವೆ.

ಮುನ್ನಂದಾಜು

ಇಡೀ ಪರಿಶೀಲನೆಯ ಬುಡ ಇದು. ಎಷ್ಟು ವಿಮಾನ, ಯಾವ ಬಗೆಯವು, ಹಗಲೋ ರಾತ್ರಿಯೋ ಎಂಬುದರಿಂದಲೇ ಶಬ್ದ, ಹೊಗೆ, ರಸ್ತೆಯ ದಟ್ಟಣೆ ಎಲ್ಲ ಹುಟ್ಟುತ್ತವೆ. ನಿಲ್ದಾಣದ ಅಂದಾಜು ಎಫ್‌ಎಎಯ ಸ್ವಂತ ಮುನ್ನಂದಾಜಿಗಿಂತ ಐದು ವರ್ಷದ ಅವಧಿಯಲ್ಲಿ ಶೇ 10, ಹತ್ತು ವರ್ಷದಲ್ಲಿ ಶೇ 15ರೊಳಗೆ ಇದ್ದರೆ ಸಾಮಾನ್ಯವಾಗಿ ಹೊಂದುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಶೇ 15 ಎಂಬ ಸಡಿಲ ದೊಡ್ಡದು. ದೊಡ್ಡ ನಿಲ್ದಾಣದಲ್ಲಿ ಅದು ವರ್ಷಕ್ಕೆ ಹತ್ತಾರು ಸಾವಿರ ಹಾರಾಟ.

ಸೇಂಟ್ ಲೂಯಿಸ್‌ನ ಕಥೆ ಇಲ್ಲಿ ನೆನಪಾಗಬೇಕು. 1998ರಲ್ಲಿ ಲ್ಯಾಂಬರ್ಟ್ ನಿಲ್ದಾಣದ ಹೊಸ ರನ್‌ವೇಗೆ ಒಪ್ಪಿಗೆ ಸಿಕ್ಕಾಗ ಅದು ಟಿಡಬ್ಲ್ಯೂಎ ಎಂಬ ವಿಮಾನಯಾನ ಕಂಪನಿಯ ಕೇಂದ್ರ. ಬ್ರಿಡ್ಜ್‌ಟನ್ ಪಟ್ಟಣದಲ್ಲಿ ಸುಮಾರು 2,000 ಮನೆಗಳನ್ನು ಕೊಂಡು ಕೆಡವಿದರು. 2001ರಲ್ಲಿ ಆ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಿತು, 2003ರಲ್ಲಿ ಅಲ್ಲಿನ ಹಾರಾಟಗಳನ್ನು ತೀವ್ರವಾಗಿ ಕಡಿತ ಮಾಡಿತು. ನೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚದ ರನ್‌ವೇ 2006ರಲ್ಲಿ ತೆರೆದಾಗ ಪ್ರಯಾಣಿಕರು 2000ರಲ್ಲಿದ್ದವರ ಅರ್ಧದಷ್ಟು. ಪರಿಶೀಲನೆಯ ಯಾವ ಅಧ್ಯಾಯವೂ ಕಾನೂನು ಮುರಿದಿರಲಿಲ್ಲ. ಒಂದೇ ಕಂಪನಿಯ ಮೇಲೆ ನಿಂತ ಅಂದಾಜನ್ನು 'ಆ ಕಂಪನಿ ಹೋದರೆ?' ಎಂದು ಪರೀಕ್ಷಿಸಿ ನೋಡುವುದು ಕಡ್ಡಾಯವಿರಲಿಲ್ಲ. ಈಗಲೂ ಇಲ್ಲ.

ಇನ್ನೊಂದು ಜಗಳ ಇದಕ್ಕಿಂತ ಸೂಕ್ಷ್ಮ. 'ಏನೂ ಕಟ್ಟದಿದ್ದರೆ' ಎಂಬ ಸ್ಥಿತಿಯ ಜೊತೆ 'ಕಟ್ಟಿದರೆ' ಎಂಬ ಸ್ಥಿತಿಯನ್ನು ಹೋಲಿಸಿ, ಎರಡರ ವ್ಯತ್ಯಾಸವನ್ನೇ ಯೋಜನೆಯ ಪರಿಣಾಮ ಎನ್ನುತ್ತಾರೆ. ವಿಮಾನಗಳು ಹೆಚ್ಚುವುದು ಜನಸಂಖ್ಯೆ, ಆರ್ಥಿಕತೆಯಿಂದ, ಕಟ್ಟಡದಿಂದಲ್ಲ ಎಂದು ಊಹಿಸಿದರೆ ಎರಡೂ ಕಡೆ ವಿಮಾನಗಳ ಸಂಖ್ಯೆ ಒಂದೇ ಆಗುತ್ತದೆ. ವ್ಯತ್ಯಾಸ ಸೊನ್ನೆ, ಶಬ್ದವೂ ಸೊನ್ನೆ. ಕೆಲವೊಮ್ಮೆ, ಸಾಲು ನಿಲ್ಲುವುದು ತಪ್ಪಿದ್ದರಿಂದ ಹೊಗೆ ಕಡಿಮೆಯಾಯಿತೆಂದೂ ಬರುತ್ತದೆ. ಆರೆಗನ್‌ನ ಹಿಲ್ಸ್‌ಬರೊ ನಿಲ್ದಾಣದ ಮೂರನೇ ರನ್‌ವೇಗೆ ಹೀಗೆಯೇ ಲೆಕ್ಕ ಹಾಕಿದ್ದರು. 2011ರಲ್ಲಿ ಒಂಬತ್ತನೇ ಸರ್ಕ್ಯೂಟ್, ಹೊಸ ರನ್‌ವೇ ಬೇಡಿಕೆಯನ್ನು ಹೆಚ್ಚಿಸುವುದಿಲ್ಲ ಎನ್ನಲು ಕಡತದಲ್ಲಿ ಆಧಾರವೆಲ್ಲಿದೆ ಎಂದು ಕೇಳಿ ವಾಪಸ್ ಕಳಿಸಿತು. ಎಫ್‌ಎಎ ಹೆಚ್ಚುವರಿ ಹಾರಾಟಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿತು. ಪರಿಣಾಮ ಆಗಲೂ ಗಣನೀಯವಲ್ಲವೆಂದು ಬಂತು, 2017ರಲ್ಲಿ ನ್ಯಾಯಾಲಯವೂ ಒಪ್ಪಿತು. ಅದೇ ಕೆಲಸವನ್ನು ಮೊದಲ ಸಲವೇ ಮಾಡಿದ್ದರೆ ವರ್ಷಗಳು ಉಳಿಯುತ್ತಿದ್ದವು.

ಯೂಟಾ ತೀರ್ಪಿನ ನಂತರ ಬೇಡಿಕೆ ಹೆಚ್ಚಳವನ್ನು ನೋಡಬೇಕಿಲ್ಲ ಎಂದು ವಾದಿಸುವವರಿದ್ದಾರೆ. ಈ ಓದು ಅಪಾಯಕಾರಿ. ಆ ತೀರ್ಪು ಬೇರೆ ಕಡೆಯ ಬೇರೆ ಯೋಜನೆಗಳ ಬಗ್ಗೆ. ಹೊಸ ರನ್‌ವೇ ಮೇಲೆ ಇಳಿಯುವ ವಿಮಾನ ಬೇರೆ ಯೋಜನೆಯಲ್ಲ; ರನ್‌ವೇ ಇರುವುದೇ ಅದಕ್ಕಾಗಿ.

65 ಡೆಸಿಬೆಲ್ ಗೆರೆ

ಶಬ್ದವನ್ನು 'ಡಿಎನ್‌ಎಲ್' ಎಂಬ ಹಗಲು-ರಾತ್ರಿ ಸರಾಸರಿಯಲ್ಲಿ ಅಳೆಯುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಕ್ಕೆ 10 ಡೆಸಿಬೆಲ್ ಸೇರಿಸುತ್ತಾರೆ, ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. 65 ಅಥವಾ ಹೆಚ್ಚು ಇರುವ ಜಾಗದಲ್ಲಿ, ಮನೆಯಂಥ ಸೂಕ್ಷ್ಮ ಬಳಕೆಯ ಕಡೆ, 1.5 ಡೆಸಿಬೆಲ್ ಹೆಚ್ಚಾದರೆ ಅದನ್ನು 'ಗಣನೀಯ' ಎಂದು ಪರಿಗಣಿಸುತ್ತಾರೆ.

1.5 ಎಂಬುದು ಚಿಕ್ಕದಾಗಿ ಕಾಣುತ್ತದೆ. ಡೆಸಿಬೆಲ್ ಲಾಗರಿದಮಿಕ್ ಅಳತೆ: ಅದೇ ಬಗೆಯ ವಿಮಾನಗಳು ದುಪ್ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ. 1.5 ಏರಬೇಕಾದರೆ ಹಾರಾಟಗಳು ಸುಮಾರು ಶೇ 41ರಷ್ಟು ಹೆಚ್ಚಬೇಕು. ದಿನಕ್ಕೆ 100 ವಿಮಾನ ಹೋಗುತ್ತಿದ್ದ ಮನೆಯ ಮೇಲೆ 135 ಹೋದರೂ ಕಡತದಲ್ಲಿ ಅದು 'ಗಣನೀಯ'ವಲ್ಲ.

ಈ ಗೆರೆ ಎಳೆದ ಕಾಲದ ತಿಳಿವಳಿಕೆಯೂ ಹಳತಾಗಿದೆ. ಎಫ್‌ಎಎ ತಾನೇ 20 ನಿಲ್ದಾಣಗಳ ಸುತ್ತ 10,000ಕ್ಕೂ ಹೆಚ್ಚು ಜನರನ್ನು ಕೇಳಿ 2021ರಲ್ಲಿ ಸಮೀಕ್ಷೆ ಪ್ರಕಟಿಸಿತು. 65 ಡಿಎನ್‌ಎಲ್‌ನಲ್ಲಿ ಶೇ 12ರಷ್ಟು ಜನರಿಗೆ ಮಾತ್ರ ತೀವ್ರ ಕಿರಿಕಿರಿ ಎಂದು ಹಳೆಯ ರೇಖೆ ಹೇಳುತ್ತಿತ್ತು. ಹೊಸ ಸಮೀಕ್ಷೆಯಲ್ಲಿ ಅದು ಶೇ 60ರಿಂದ 70ರ ನಡುವೆ ಬಂತು. ತನ್ನದೇ ಸಮೀಕ್ಷೆ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ 65ರ ಗೆರೆಯನ್ನೇ ತೀರ್ಮಾನದ ಕೊನೆಯ ಮಾತಾಗಿ ಬಳಸುವುದು ನ್ಯಾಯವಲ್ಲ.

ಶಬ್ದದ ಲೆಕ್ಕ ಹಾಕುವ ಎಇಡಿಟಿ ಎಂಬ ತಂತ್ರಾಂಶಕ್ಕೆ ತುಂಬುವ ಅಂಕಿಗಳಲ್ಲಿ ಎಡವಟ್ಟು ಆಗುವ ಜಾಗಗಳು ಗೊತ್ತಿರುವಂಥವೇ. ರಾತ್ರಿಯ ಪಾಲು ಮೊದಲನೆಯದು: ಸರಕು ವಿಮಾನಗಳ ನಿಲ್ದಾಣದಲ್ಲಿ ಅದನ್ನು ನಾಲ್ಕೈದು ಶೇಕಡಾ ಕಡಿಮೆ ಹಿಡಿದರೆ ಹತ್ತರ ಗುಣಕದಿಂದಾಗಿ ಇಡೀ ನಕ್ಷೆ ಕುಗ್ಗುತ್ತದೆ. ಎರಡನೆಯದು ಪ್ರಯಾಣದ ದೂರ. ದೂರ ಹೋಗುವ ವಿಮಾನ ಹೆಚ್ಚು ಇಂಧನ ಹೊತ್ತು ಭಾರವಾಗಿರುತ್ತದೆ, ನಿಧಾನಕ್ಕೆ ಮೇಲೇರುತ್ತದೆ, ಕೆಳಗಿನವರಿಗೆ ಹೆಚ್ಚು ಸದ್ದು. ಮೂರನೆಯದು ಯಾವ ರನ್‌ವೇ ಎಷ್ಟು ಬಳಕೆ ಎಂಬ ವಾರ್ಷಿಕ ಸರಾಸರಿ. ಗಾಳಿ ತಿರುಗಿದ ಮೂರು ತಿಂಗಳು ಒಂದೇ ಬಡಾವಣೆ ಎಲ್ಲವನ್ನೂ ಹೊತ್ತರೂ ಸರಾಸರಿಯಲ್ಲಿ ಅದು ಕಾಣುವುದಿಲ್ಲ.

ಕದಲದೆ ಉಳಿದ ಕಾನೂನುಗಳು

ನೀಪಾ ತೆಳುವಾದರೂ ಅದರ ಪಕ್ಕದ ಕಾನೂನುಗಳು ಹಾಗೆಯೇ ಇವೆ. ಯೋಜನೆಗಳು ನಿಜವಾಗಿ ತಡವಾಗುವುದು ಅನೇಕ ಸಲ ಇವುಗಳಲ್ಲಿ. ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಓಝೋನ್ ಸಮಸ್ಯೆ ಅತಿ ತೀವ್ರವಾಗಿರುವ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಯೋಜನೆಯಿಂದ ವರ್ಷಕ್ಕೆ 10 ಟನ್ ನೈಟ್ರೋಜನ್ ಆಕ್ಸೈಡ್ ಹೆಚ್ಚಾದರೆ ರಾಜ್ಯದ ಗಾಳಿ ಗುಣಮಟ್ಟದ ಯೋಜನೆಯೊಂದಿಗೆ ಹೊಂದಾಣಿಕೆ ತೋರಿಸಬೇಕು; ಕಾಮಗಾರಿಯ ಡೀಸೆಲ್ ಯಂತ್ರಗಳೇ ಆ ಮಿತಿ ದಾಟಿಸಬಲ್ಲವು. ಉದ್ಯಾನ ಮತ್ತು ಐತಿಹಾಸಿಕ ಸ್ಥಳಗಳಿಗೆ 1966ರ ಸಾರಿಗೆ ಇಲಾಖೆ ಕಾಯ್ದೆಯ 4(ಎಫ್) ಸೆಕ್ಷನ್ ಇದೆ. ಇದು ನೀಪಾದಂತೆ ಬರೆದು ಬಿಡುವ ಕಾನೂನಲ್ಲ, ಬೇರೆ ಯೋಗ್ಯ ದಾರಿ ಇದ್ದರೆ ಮುಟ್ಟಬಾರದು ಎನ್ನುತ್ತದೆ. ಜೌಗು ನೆಲ ತುಂಬಿದರೆ ಬದಲಿ ಜೌಗು ನಿರ್ಮಿಸಬೇಕು. ಆದರೆ ನೀರಿಗೆ ಹಕ್ಕಿ ಬರುತ್ತದೆ, ಹಕ್ಕಿ ಎಂಜಿನ್‌ಗೆ ಅಪಾಯ. ಜೆಟ್ ವಿಮಾನಗಳ ನಿಲ್ದಾಣದಿಂದ 10,000 ಅಡಿಯೊಳಗೆ ಹಕ್ಕಿ ಸೆಳೆಯುವಂಥದ್ದನ್ನು ಮಾಡಬೇಡಿ ಎಂದು ಎಫ್‌ಎಎಯೇ ಸಲಹೆ ಕೊಡುತ್ತದೆ. ಹೀಗಾಗಿ ಬದಲಿ ಜಾಗವನ್ನು ಬೇರೆಲ್ಲೋ ಹುಡುಕುವುದರಲ್ಲಿ ತಿಂಗಳುಗಳು ಹೋಗುತ್ತವೆ. ಅಗ್ನಿಶಾಮಕ ನೊರೆಯಿಂದ ಮಣ್ಣಿಗಿಳಿದ ಪಿಎಫ್‌ಎಎಸ್ ರಾಸಾಯನಿಕ ಹೊಸ ತಲೆನೋವು. ಅವುಗಳಲ್ಲಿ ಎರಡನ್ನು 2024ರ ಜುಲೈನಿಂದ ಅಪಾಯಕಾರಿ ವಸ್ತುಗಳೆಂದು ಘೋಷಿಸಿರುವುದರಿಂದ, ಅಗೆದ ಮಣ್ಣನ್ನು ಎಲ್ಲಿಗೆ ಸಾಗಿಸುವುದೆಂದು ಮಣ್ಣು ಪರೀಕ್ಷೆಗೆ ಮೊದಲೇ ಯೋಚಿಸಿರಬೇಕು.

ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಿಗೆ ಸ್ವಂತ ಪರಿಸರ ಪರಿಶೀಲನಾ ಕಾಯ್ದೆಯೂ ಇದೆ. ಸಿಯಾಟಲ್-ಟಕೋಮಾ ನಿಲ್ದಾಣದ 31 ಯೋಜನೆಗಳ ಕಂತಿಗೆ ಫೆಡರಲ್ ಕರಡು 2024ರ ಅಕ್ಟೋಬರ್‌ನಲ್ಲಿ ಬಂತು. ರಾಜ್ಯದ ಪರಿಶೀಲನೆ ಬೇರೆಯೇ. ಟೆಕ್ಸಾಸ್‌ನಂಥ ಕಡೆ ಅಂಥ ಎರಡನೇ ಜರಡಿ ಇಲ್ಲ. ಫೆಡರಲ್ ನಿಯಮ ಸಡಿಲಾದರೆ ಅದರ ಪೂರ್ತಿ ಭಾರ ಬೀಳುವುದು ಇಂಥ ರಾಜ್ಯಗಳ ಜನರ ಮೇಲೆ. ಬಡವರ, ಕಪ್ಪು ಜನರ ಬಡಾವಣೆಗಳ ಮೇಲೆ ಹೊರೆ ಹೆಚ್ಚು ಬೀಳುತ್ತಿದೆಯೇ ಎಂದು ನೋಡಬೇಕೆಂದಿದ್ದ 1994ರ ಅಧ್ಯಕ್ಷೀಯ ಆದೇಶವೂ 2025ರ ಜನವರಿಯಲ್ಲಿ ರದ್ದಾಯಿತು. ಹೊರೆ ಇರುತ್ತದೆ, ಲೆಕ್ಕ ಇರುವುದಿಲ್ಲ.

60 ದಿನ

ಅಡ್ಡದಾರಿ ಹಿಡಿದರೆ ಏನಾಗುತ್ತದೆಂದು ಅರಿಜೋನಾದ ಫೀನಿಕ್ಸ್ ನಗರ ತೋರಿಸಿದೆ. 2014ರ ಸೆಪ್ಟೆಂಬರ್‌ನಲ್ಲಿ ಎಫ್‌ಎಎ ಅಲ್ಲಿನ ಹಾರಾಟ ಮಾರ್ಗಗಳನ್ನು ಕ್ಯಾಟೆಕ್ಸ್ ಬಳಸಿ ಬದಲಿಸಿತು. 25 ಐತಿಹಾಸಿಕ ಬಡಾವಣೆ-ಕಟ್ಟಡಗಳು, 19 ಉದ್ಯಾನಗಳ ಮೇಲೆ ವಿಮಾನಗಳು ಹೆಚ್ಚಿದವು. ನಗರದ ಹಿರಿಯ ಅಧಿಕಾರಿಗಳಿಗೆ ಮೊದಲೇ ಸರಿಯಾಗಿ ತಿಳಿಸಿರಲಿಲ್ಲ. 2017ರಲ್ಲಿ ಡಿ.ಸಿ. ಮೇಲ್ಮನವಿ ನ್ಯಾಯಾಲಯ ಇಡೀ ಆದೇಶವನ್ನೇ ರದ್ದು ಮಾಡಿತು. ಉಳಿಸಿದ ಕೆಲವು ತಿಂಗಳಿಗೆ ಬದಲಾಗಿ ಮೂರು ವರ್ಷ ಕಳೆಯಿತು.

ಆ ಪ್ರಕರಣದಲ್ಲಿ ನಗರ ತಡವಾಗಿ ಅರ್ಜಿ ಹಾಕಿತ್ತು. ಎಫ್‌ಎಎ ತಾನೇ ಸರಿಪಡಿಸುವ ಭರವಸೆ ಕೊಡುತ್ತಾ ಬಂದಿತ್ತು ಎಂಬ ಕಾರಣಕ್ಕೆ ನ್ಯಾಯಾಲಯ ಒಪ್ಪಿಕೊಂಡಿತು. ಎಲ್ಲರಿಗೂ ಆ ರಿಯಾಯಿತಿ ಸಿಗುವುದಿಲ್ಲ. ಬೇರೆ ನೀಪಾ ಪ್ರಕರಣಗಳಿಗೆ ಸಾಮಾನ್ಯವಾಗಿ ಆರು ವರ್ಷದ ಕಾಲಾವಕಾಶವಿದ್ದರೆ, ಎಫ್‌ಎಎಯ ಅಂತಿಮ ಆದೇಶದ ವಿರುದ್ಧ 60 ದಿನದೊಳಗೆ ನೇರವಾಗಿ ಮೇಲ್ಮನವಿ ನ್ಯಾಯಾಲಯಕ್ಕೇ ಹೋಗಬೇಕು. ಪರಿಶೀಲನೆಯ ಹಂತದಲ್ಲಿ ಎತ್ತದ ಆಕ್ಷೇಪವನ್ನು, ಸಕಾರಣವಿಲ್ಲದಿದ್ದರೆ, ಅಲ್ಲಿ ಹೊಸದಾಗಿ ಎತ್ತುವಂತಿಲ್ಲ. ಹೊಸ ಸಾಕ್ಷ್ಯಕ್ಕೆ ಜಾಗವಿಲ್ಲ; ಕಡತದಲ್ಲಿ ಇದ್ದದ್ದಷ್ಟೇ ಮಾತಾಡುತ್ತದೆ.

ಆದ್ದರಿಂದ 'ನಮಗೆ ಗದ್ದಲ ಬೇಡ' ಎಂಬ ನೂರು ಪತ್ರಗಳಿಗಿಂತ, 'ಅನುಬಂಧದ ಈ ಕೋಷ್ಟಕದಲ್ಲಿ ರಾತ್ರಿಯ ಪಾಲು ಶೇ 8 ಎಂದಿದೆ, ನಿಲ್ದಾಣದ್ದೇ ಕಳೆದ ವರ್ಷದ ಅಂಕಿಗಳಲ್ಲಿ ಶೇ 13 ಇದೆ, ವ್ಯತ್ಯಾಸಕ್ಕೆ ಕಾರಣ ಕೊಡಿ' ಎಂಬ ಬಗೆಯ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಅದು ಕಡತ ಸೇರುತ್ತದೆ, ಉತ್ತರ ಕೊಡದೆ ಬಿಟ್ಟರೆ ನ್ಯಾಯಾಧೀಶರ ಕಣ್ಣಿಗೆ ಬೀಳುತ್ತದೆ. ಅದನ್ನು ಬರೆಯಲು ಸರಿಯಾದ ಸಮಯ ಕರಡು ಹೊರಬಂದ ವಾರವಲ್ಲ. ಮಾಸ್ಟರ್ ಪ್ಲಾನ್‌ನ ಮುನ್ನಂದಾಜು ಅಧ್ಯಾಯ ನಿಲ್ದಾಣ ಪ್ರಾಧಿಕಾರದ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ಬಾರಿ ಕಾಣಿಸಿಕೊಂಡ ದಿನ.